ದೇವರ ಪರಿಪಾಲನೆಯ ಪಾಠಕ್ಕೆ ಹೈಡೆಲ್‌ಬರ್ಗ್ ಪ್ರಶ್ನೋತ್ತರ: ಎಲ್ಲಿ ಗಟ್ಟಿ, ಎಲ್ಲಿ ಸಾಲದು

ದೇವರ ಸಾರ್ವಭೌಮತ್ವದ ಪಾಠವನ್ನು ಕನ್‌ಫರ್ಮೇಶನ್ ತರಗತಿಯಲ್ಲಾಗಲಿ ಮನೆಕೂಟದಲ್ಲಾಗಲಿ ಎತ್ತಿಕೊಂಡರೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಎಲ್ಲವೂ ಆತನ ಕೈಯಲ್ಲಿದ್ದರೆ ಆ ಮನೆಯ ಮಗು ಯಾಕೆ ಸತ್ತಿತು? ಎಲ್ಲವೂ ಮೊದಲೇ ತೀರ್ಮಾನವಾಗಿದ್ದರೆ ನಾವು ಪ್ರಾರ್ಥಿಸುವುದು ಯಾಕೆ? ಕೈಯಲ್ಲಿರುವ ಪಠ್ಯ ಯಾವುದೇ ಇರಲಿ, ಈ ಎರಡರ ಮುಂದೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಿಯೇ ಅದನ್ನು ಆರಿಸಬೇಕು. ಈ ವಿಮರ್ಶೆ ಆ ಅಳತೆಯಲ್ಲಿ, ಕ್ರೈಸ್ತ ವಿಶ್ವಾಸವನ್ನು ಪ್ರಶ್ನೆ, ಉತ್ತರಗಳ ರೂಪದಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವನ್ನು ನೋಡುತ್ತದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಆದರೆ ಇದೊಂದನ್ನೇ ನೆಚ್ಚಿಕೊಂಡರೆ ಪಾಠ ಎರಡು ಕಡೆ ಕುಸಿಯುತ್ತದೆ.

ಪುಸ್ತಕದ ಹಿನ್ನೆಲೆ ಚಿಕ್ಕದಾಗಿ. ಜರ್ಮನಿಯ ಪಾಲಟಿನೇಟ್ ಪ್ರಾಂತದ ಅರಸ 3ನೇ ಫ್ರೆಡರಿಕ್ ತನ್ನ ನಾಡಿನ ಶಾಲೆ ಮತ್ತು ಸಭೆಗಳಲ್ಲಿ ಒಂದೇ ಬಗೆಯ ಬೋಧನೆ ಇರಲೆಂದು ಇದನ್ನು ಬರೆಸಿದ. ಲೂಥರನ್ನರು ಮತ್ತು ಕ್ಯಾಲ್ವಿನ್ ಮೊದಲಾದವರ ದಾರಿಯ ರಿಫಾರ್ಮ್ಡ್ ಪಂಗಡದವರು ಕರ್ತನ ಭೋಜನದ ವಿಷಯದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡುತ್ತಿದ್ದ ಕಾಲ ಅದು. ಬರವಣಿಗೆಯಲ್ಲಿ ಹೆಚ್ಚಿನ ಪಾಲು ಜಕರೀಯಾಸ್ ಉರ್ಸಿನಸ್ ಅವರದು; ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಒಟ್ಟು 129 ಪ್ರಶ್ನೆಗಳು, ವರ್ಷದ 52 ಭಾನುವಾರಗಳಿಗೆ ಹಂಚಿಕೆ. ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ ಎಂದು ಮೂರು ಭಾಗ. ಅಪೊಸ್ತಲರ ವಿಶ್ವಾಸಪ್ರಮಾಣ, ದಶಾಜ್ಞೆ, ಕರ್ತನ ಪ್ರಾರ್ಥನೆ ಮೂರನ್ನೂ ಸಾಲುಸಾಲಾಗಿ ವಿವರಿಸುತ್ತದೆ. 1618–19ರ ಡಾರ್ಟ್ ಸಭಾಸಮ್ಮೇಳನ ಇದನ್ನು ಒಪ್ಪಿಕೊಂಡ ಮೇಲೆ ರಿಫಾರ್ಮ್ಡ್ ಸಭೆಗಳಲ್ಲೆಲ್ಲ ನೆಲೆಯೂರಿತು.

ದೇವರ ಪರಿಪಾಲನೆಯ, ಅಂದರೆ ಆತನು ಎಲ್ಲವನ್ನೂ ಹಿಡಿದು ನಿಲ್ಲಿಸಿ ಆಳುವುದರ, ಮುಖ್ಯ ಭಾಗ 26, 27, 28ನೇ ಪ್ರಶ್ನೆಗಳಲ್ಲಿದೆ, ಅಂದರೆ 9 ಮತ್ತು 10ನೇ ಭಾನುವಾರ. ಈ ಮೂರರ ಕಟ್ಟೋಣವೇ ಈ ಪುಸ್ತಕದ ಹೆಚ್ಚುಗಾರಿಕೆ.

26ನೇ ಉತ್ತರ ಸರ್ವಶಕ್ತಿಯಿಂದ ಶುರುವಾಗುವುದಿಲ್ಲ, ತಂದೆತನದಿಂದ ಶುರುವಾಗುತ್ತದೆ. ನಮ್ಮ ಕರ್ತನಾದ ಯೇಸು ಕ್ರಿಸ್ತನ ತಂದೆ, ಶೂನ್ಯದಿಂದ ಆಕಾಶ ಭೂಮಿಗಳನ್ನು ಉಂಟುಮಾಡಿದವನು, ತನ್ನ ನಿತ್ಯ ಸಂಕಲ್ಪದಿಂದ ಅವುಗಳನ್ನು ಈಗಲೂ ಆಳುವವನು, ಕ್ರಿಸ್ತನ ನಿಮಿತ್ತ ನನಗೂ ತಂದೆ ಎಂದು ಹೇಳಿ, ಕೊನೆಗೆ ಎರಡು ಮಾತಿನಲ್ಲಿ ನಿಲ್ಲಿಸುತ್ತದೆ: ಆತನು ಸರ್ವಶಕ್ತ ದೇವರಾದ್ದರಿಂದ ಮಾಡಬಲ್ಲನು, ನಂಬಿಗಸ್ತ ತಂದೆಯಾದ್ದರಿಂದ ಮಾಡಲು ಮನಸ್ಸುಳ್ಳವನು. ಬೋಧಕರು ಈ ಜೋಡಿಯನ್ನು ಬೋರ್ಡಿನ ಮೇಲೆ ಬರೆದು ಇಡೀ ಪಾಠಮಾಲೆಯುದ್ದಕ್ಕೂ ಅಳಿಸದೆ ಬಿಡಬೇಕು. ತರಗತಿಯಲ್ಲಿ ಏಳುವ ತಕರಾರುಗಳಲ್ಲಿ ಹೆಚ್ಚಿನವು ಇವೆರಡರಲ್ಲಿ ಒಂದನ್ನು ಬಿಟ್ಟಾಗ ಹುಟ್ಟುವಂಥವು. ಬಲ್ಲನು ಎಂಬುದನ್ನು ಮಾತ್ರ ಹಿಡಿದರೆ ದೇವರು ಕ್ರೂರ ದೊರೆಯಾಗಿ ಕಾಣುತ್ತಾನೆ; ಮನಸ್ಸುಳ್ಳವನು ಎಂಬುದನ್ನು ಮಾತ್ರ ಹಿಡಿದರೆ ಅಯ್ಯೋ ಪಾಪ ಎಂದು ನೋಡುತ್ತ ನಿಂತ ನಿಸ್ಸಹಾಯಕನಾಗುತ್ತಾನೆ.

27ನೇ ಉತ್ತರ ಪರಿಪಾಲನೆ ಎಂದರೇನು ಎಂದು ಹೇಳುತ್ತದೆ. ಎಲೆ ಹುಲ್ಲು, ಮಳೆ ಬರ, ಫಲದ ವರ್ಷ ಬರಡು ವರ್ಷ, ಅನ್ನ ಪಾನ, ಆರೋಗ್ಯ ರೋಗ, ಸಿರಿತನ ಬಡತನ, ಇವೆಲ್ಲ ಆಕಸ್ಮಿಕವಾಗಿ ಬರುವವಲ್ಲ, ತಂದೆಯ ಕೈಯಿಂದ ಬರುತ್ತವೆ ಎಂಬುದು ಅದರ ತಿರುಳು. ತತ್ತ್ವದ ಪರಿಭಾಷೆ ಒಂದೂ ಇಲ್ಲ; ಹೊಲದಿಂದಲೂ ಅಡುಗೆಮನೆಯಿಂದಲೂ ಎತ್ತಿಕೊಂಡ ಪಟ್ಟಿ. ಮುಂಗಾರಿಗೆ ಕಾಯುವ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಬರವೂ ರೋಗವೂ ಬಡತನವೂ ಅಡಕವಾಗಿರುವುದನ್ನು ಗಮನಿಸಿ. ಒಳ್ಳೆಯದು ಮಾತ್ರ ದೇವರಿಂದ, ಕೆಟ್ಟದ್ದೆಲ್ಲ ಎಲ್ಲಿಂದಲೋ ಎಂಬ ಸುಲಭದ ದಾರಿಯನ್ನು ಇದು ಹಿಡಿಯುವುದಿಲ್ಲ. ಇಲ್ಲಿಯೇ ಲೂಥರ್ ಅವರ 1529ರ ಚಿಕ್ಕ ಪ್ರಶ್ನೋತ್ತರಕ್ಕೂ ಇದಕ್ಕೂ ವ್ಯತ್ಯಾಸ. ವಿಶ್ವಾಸಪ್ರಮಾಣದ ಮೊದಲ ಭಾಗಕ್ಕೆ ಲೂಥರ್ ಕೊಡುವ ವಿವರಣೆಯಲ್ಲಿ ಬಟ್ಟೆ, ಪಾದರಕ್ಷೆ, ಅನ್ನ, ಮನೆ, ಹೊಲ, ದನಕರುಗಳ ಅಷ್ಟೇ ಸೊಗಸಾದ ಪಟ್ಟಿಯಿದೆ. ಆದರೆ ಅದು ದೇವರು ಕೊಡುವ ಒಳಿತುಗಳ ಮತ್ತು ಆತನು ಕೇಡಿನಿಂದ ಕಾಯುವುದರ ಪಟ್ಟಿ. ಸಣ್ಣ ಮಕ್ಕಳಿಗೆ ಲೂಥರ್ ಸಾಕು. ಹದಿನೈದು ದಾಟಿದವರಿಗೆ, ಮನೆಯಲ್ಲಿ ಸಾವು ಕಂಡವರಿಗೆ, ಹೈಡೆಲ್‌ಬರ್ಗ್ ಬೇಕು.

28ನೇ ಪ್ರಶ್ನೆ ಇದನ್ನು ತಿಳಿದರೆ ಏನು ಪ್ರಯೋಜನ ಎಂದು ಕೇಳುತ್ತದೆ. ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ, ಮುಂದಿನ ದಿನಗಳ ಬಗ್ಗೆ ಭರವಸೆ. ಯಾವ ಸೃಷ್ಟಿಯೂ ನಮ್ಮನ್ನು ಆತನ ಪ್ರೀತಿಯಿಂದ ಅಗಲಿಸಲಾರದು, ಏಕೆಂದರೆ ಆತನ ಚಿತ್ತವಿಲ್ಲದೆ ಒಂದೂ ಕದಲಲಾರದು. ಉಪಯೋಗವೇನು ಎಂದು ತಾನಾಗಿಯೇ ಕೇಳಿಕೊಳ್ಳುವ ಈ ಅಭ್ಯಾಸ ಪುಸ್ತಕದುದ್ದಕ್ಕೂ ಇದೆ, ಮತ್ತು ಬೋಧನೆಗೆ ಇದು ದೊಡ್ಡ ಅನುಕೂಲ.

ಇನ್ನು ಬಳಸುವ ಕ್ರಮ. ಬಹುತೇಕ ಗುಂಪುಗಳು ನೇರವಾಗಿ 27ಕ್ಕೆ ಹಾರುತ್ತವೆ. ಪಾಠ ಕೆಡುವುದು ಅಲ್ಲಿಂದಲೇ. ಎಲ್ಲವೂ ತಂದೆಯ ಕೈಯಿಂದ ಎಂದ ಕೂಡಲೇ ಯಾರಾದರೂ ಹಾಗಾದರೆ ಪಾಪವೂ ಆತನಿಂದಲೇ ಬಂತೇ ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ 6ರಿಂದ 9ರವರೆಗಿನ ಪ್ರಶ್ನೆಗಳಲ್ಲಿದೆ: ದೇವರು ಮನುಷ್ಯನನ್ನು ಒಳ್ಳೆಯವನನ್ನಾಗಿ, ತನ್ನ ಸ್ವರೂಪದಲ್ಲಿ ಉಂಟುಮಾಡಿದನು, ಸೈತಾನನ ಪ್ರೇರಣೆಯಿಂದ, ಬೇಕೆಂದೇ ಮಾಡಿದ ಅವಿಧೇಯತೆಯಿಂದ ಮನುಷ್ಯನೇ ಆ ವರವನ್ನು ಕಳೆದುಕೊಂಡನು. 27ರ ಪಟ್ಟಿಯಲ್ಲಿ ಬರ, ರೋಗ ಇವೆ; ಕೊಲೆ, ಸುಳ್ಳು ಇಲ್ಲ. ಆದ್ದರಿಂದ ಮೊದಲ ಪಾಠ 6–9 ಮತ್ತು ಆದಿಕಾಂಡ 3. ಎರಡನೆಯದು 1ನೇ ಪ್ರಶ್ನೆ, ಬದುಕಿನಲ್ಲೂ ಸಾವಿನಲ್ಲೂ ನನಗಿರುವ ಒಂದೇ ಆದರಣೆ ಯಾವುದು ಎಂಬುದು. ತಂದೆಯ ಚಿತ್ತವಿಲ್ಲದೆ ತಲೆಯ ಒಂದು ಕೂದಲೂ ಬೀಳದು ಎಂಬ ಮಾತು ಬರುವುದು ಅಲ್ಲಿ. ಮೂರನೆಯದು 26. ನಾಲ್ಕನೆಯದು 27. ಐದನೆಯದು 28. ಆರನೆಯದು ಪ್ರಾರ್ಥನೆಯ ಭಾಗದಿಂದ 116, 124 ಮತ್ತು 125. ಒಂದೊಂದಕ್ಕೆ ಮುಕ್ಕಾಲು ಗಂಟೆ: ಪ್ರಶ್ನೋತ್ತರ ಓದಲು ಹತ್ತು ನಿಮಿಷ, ಸತ್ಯವೇದದ ಭಾಗಕ್ಕೆ ಇಪ್ಪತ್ತು, ಉಳಿದ ಹದಿನೈದು ಪ್ರಶ್ನೆಗಳಿಗೆ. ಕೊನೆಯ ಹದಿನೈದನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ.

ಬಾಯಿಪಾಠ ಮಾಡಿಸುವುದಾದರೆ ಉತ್ತರವನ್ನು ಇಡಿಯಾಗಿ ಕೊಡಬೇಡಿ, ಉದ್ದವಾಗಿವೆ. 27ನ್ನು ಮೂರಾಗಿ ಮುರಿಯಿರಿ: ಪರಿಪಾಲನೆ ಎಂದರೆ ದೇವರ ಸದಾ ಇರುವ ಶಕ್ತಿ, ಅದು ಮಾಡುವ ಕೆಲಸ, ಅಂದರೆ ಹಿಡಿದು ನಿಲ್ಲಿಸುವುದು ಮತ್ತು ಆಳುವುದು, ಆಮೇಲೆ ಆ ಜೋಡಿಗಳ ಪಟ್ಟಿ. ಪಟ್ಟಿಯನ್ನು ಮಕ್ಕಳು ಒಂದೇ ಓದಿಗೆ ಹಿಡಿದುಬಿಡುತ್ತಾರೆ, ಕಷ್ಟವಾಗುವುದು ನಡುವಿನ ಭಾಗವೇ. ಇಂಗ್ಲಿಷ್ ಪಠ್ಯವನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ಹೇಳುವವರು ಸಭೆಯಲ್ಲಿ ಆಗಲೇ ಓಡಾಡುವ ಮಾತುಗಳನ್ನೇ ಬಳಸಲಿ: ಚಿತ್ತ, ಸಂಕಲ್ಪ, ಆಳ್ವಿಕೆ.

ಈಗ ಮೊದಲ ಕೊರತೆ. 27ನೇ ಉತ್ತರ ದೇವರ ಕೈಯನ್ನು ತೋರಿಸುತ್ತದೆ, ಆ ಕೈ ಯಾವ ಸಾಧನಗಳ ಮೂಲಕ ಕೆಲಸ ಮಾಡುತ್ತದೆ ಎಂದು ವಿವರಿಸುವುದಿಲ್ಲ. ನಮ್ಮ ಕಡೆ ಇದರ ಪರಿಣಾಮ ಗಂಭೀರ. ಹಣೆಬರಹ, ವಿಧಿ ಎಂಬ ಮಾತುಗಳು ಮನೆಮನೆಯಲ್ಲೂ ಇರುವಲ್ಲಿ, ಕೇಳುಗ ಈ ಉತ್ತರವನ್ನು ಆ ಹಳೆಯ ಅಚ್ಚಿಗೇ ಸುರಿದುಕೊಳ್ಳುತ್ತಾನೆ: ಬರೆದದ್ದು ಆಗುತ್ತದೆ, ನಾವು ಮಾಡುವುದೇನಿದೆ? ಆಮೇಲೆ ಮಾತ್ರೆ ನಿಲ್ಲಿಸುವವರು, ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವವರು, ಓದದೆ ಪರೀಕ್ಷೆಗೆ ಕೂರುವವರು ದೇವರ ಚಿತ್ತವನ್ನೇ ನೆಪ ಮಾಡಿಕೊಳ್ಳುತ್ತಾರೆ. ಬೋಧಕರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಜೀವ ಹೋಗುವ ವಿಷಯ ಇದು.

ಈ ಕೊರತೆಯನ್ನು ತುಂಬಲು ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ಬೇಕು. ನಾಲ್ಕನೆಯ ಪಾಠದ ಇಪ್ಪತ್ತು ನಿಮಿಷ ಪೂರ್ತಿ ಅದಕ್ಕೇ ಇಡಿ. ಹಡಗಿನಲ್ಲಿ 276 ಜನ. ಬಿರುಗಾಳಿಯ ನಡುವೆ ಪೌಲನು ಯಾರ ಪ್ರಾಣಕ್ಕೂ ನಷ್ಟವಾಗದೆಂದು ದೇವದೂತನು ತಿಳಿಸಿದ್ದಾನೆ ಎನ್ನುತ್ತಾನೆ (22–24ನೇ ವಚನ). ತೀರ್ಮಾನ ಆಗಿಹೋಗಿದೆ. ಆದರೂ ನಾವಿಕರು ಲಂಗರು ಹಾಕುವ ನೆಪದಲ್ಲಿ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡಿದಾಗ ಅದೇ ಪೌಲನು ಶತಾಧಿಪತಿಗೆ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎನ್ನುತ್ತಾನೆ (31). ಸಿಪಾಯಿಗಳು ಹಗ್ಗ ಕತ್ತರಿಸುತ್ತಾರೆ. ಊಟ ಮಾಡಿ, ಶಕ್ತಿ ಬೇಕು ಎಂದು ಪೌಲನು ಎಲ್ಲರನ್ನೂ ಒತ್ತಾಯಿಸುತ್ತಾನೆ. ಕೊನೆಗೆ ಈಜು ಬಲ್ಲವರು ಈಜಿ, ಉಳಿದವರು ಹಲಗೆಗಳ ಮೇಲೆ, ಎಲ್ಲರೂ ದಡ ಸೇರುತ್ತಾರೆ. ದೇವರ ವಾಗ್ದಾನ ನೆರವೇರಿದ್ದು ನಾವಿಕರ ಕೌಶಲ, ಸಿಪಾಯಿಗಳ ಕತ್ತಿ, ರೊಟ್ಟಿ, ಹಲಗೆಗಳ ಮೂಲಕ. ತರಗತಿಯಲ್ಲಿ ಕೇಳಿ: ಸಿಪಾಯಿಗಳು ಹಗ್ಗ ಕತ್ತರಿಸದೆ, ದೇವರು ನೋಡಿಕೊಳ್ಳುತ್ತಾನೆ ಎಂದು ಕುಳಿತಿದ್ದರೆ? ಚರ್ಚೆ ತಾನಾಗಿಯೇ ಮುಂದೆ ಹೋಗುತ್ತದೆ.

ಸಿದ್ಧಾಂತದ ಮಾತಿನಲ್ಲಿ ಇದನ್ನು ಕಟ್ಟಿಕೊಡಲು 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಅರಿಕೆಯ 5ನೇ ಅಧ್ಯಾಯ ನೆರವಾಗುತ್ತದೆ. ದೇವರು ಮೊದಲ ಕಾರಣ. ಆದರೂ ಎರಡನೆಯ ಕಾರಣಗಳ ಸ್ವಭಾವಕ್ಕೆ ತಕ್ಕಂತೆ, ಕೆಲವು ನಿಯಮದಿಂದ, ಕೆಲವು ಸ್ವತಂತ್ರವಾಗಿ, ಸಂಗತಿಗಳು ನಡೆಯುವಂತೆ ಆಳುತ್ತಾನೆ ಎನ್ನುತ್ತದೆ ಅದರ 2ನೇ ಭಾಗ. 3ನೇ ಭಾಗ ಇನ್ನೂ ಉಪಯುಕ್ತ: ಸಾಮಾನ್ಯವಾಗಿ ದೇವರು ಸಾಧನಗಳನ್ನು ಬಳಸುತ್ತಾನೆ, ಬೇಕಾದಾಗ ಅವಿಲ್ಲದೆಯೂ, ಅವನ್ನು ಮೀರಿಯೂ ಕೆಲಸ ಮಾಡಲು ಸ್ವತಂತ್ರನು. ಔಷಧಿಗೂ ಅದ್ಭುತಕ್ಕೂ ಒಂದೇ ವಾಕ್ಯದಲ್ಲಿ ಜಾಗ ಸಿಕ್ಕಿತು. ಕಥೋಲಿಕರು ಇದೇ ವಿಷಯವನ್ನು ತಮ್ಮ 1992ರ ಧರ್ಮೋಪದೇಶ ಗ್ರಂಥದ 306ರಿಂದ 308ರವರೆಗಿನ ಪರಿಚ್ಛೇದಗಳಲ್ಲಿ ಓದಬಹುದು. ಈ ಬಿಂದುವಿನಲ್ಲಿ ಎರಡೂ ಪರಂಪರೆ ಬಹಳ ಹತ್ತಿರ.

ವೆಸ್ಟ್‌ಮಿನ್‌ಸ್ಟರ್ ಅರಿಕೆಯನ್ನೇ ಮುಖ್ಯ ಪಠ್ಯ ಮಾಡಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಹೊಸಬರ ಗುಂಪಿಗೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆಗುವುದೆಲ್ಲವನ್ನೂ ದೇವರು ಅನಾದಿಯಲ್ಲೇ ತೀರ್ಮಾನಿಸಿದ್ದಾನೆ ಎಂಬ ನಿತ್ಯ ನಿರ್ಣಯದ ಬೋಧನೆಯನ್ನು ಅದು 3ನೇ ಅಧ್ಯಾಯದಲ್ಲೇ, ಸೃಷ್ಟಿಗೂ ಮೊದಲು, ಬಹಳ ಬಿಗಿಯಾದ ಮಾತಿನಲ್ಲಿ ಇಡುತ್ತದೆ. ತರ್ಕಕ್ಕೆ ಆ ಕ್ರಮ ಸರಿ, ಕಲಿಯುವ ಮನಸ್ಸಿಗೆ ಭಾರ. ಬರೆದವರಿಗೂ ಅದು ಗೊತ್ತಿತ್ತು. ಈ ಬೋಧನೆಯನ್ನು ವಿಶೇಷ ವಿವೇಕದಿಂದಲೂ ಎಚ್ಚರಿಕೆಯಿಂದಲೂ ನಿರ್ವಹಿಸಬೇಕೆಂದು ಅದೇ ಅಧ್ಯಾಯದ 8ನೇ ಭಾಗದಲ್ಲಿ ಬರೆದಿದ್ದಾರೆ. ಹೈಡೆಲ್‌ಬರ್ಗ್ ಮಾತ್ರ, ದೇವರು ತನ್ನವರನ್ನು ರಕ್ಷಣೆಗೆ ಆರಿಸಿಕೊಂಡಿದ್ದಾನೆ ಎಂಬ ಆಯ್ಕೆಯ ಬೋಧನೆಗೆ ಪ್ರತ್ಯೇಕ ಪ್ರಶ್ನೆಯನ್ನೇ ಇಟ್ಟಿಲ್ಲ. 52ನೇ ಉತ್ತರದಲ್ಲಿ ಆತನು ಆರಿಸಿಕೊಂಡವರು ಎಂಬ ಮಾತು ಬರುತ್ತದೆ, 54ರಲ್ಲಿ ನಿತ್ಯಜೀವಕ್ಕೆ ಆರಿಸಲ್ಪಟ್ಟ ಸಭೆ ಎಂದು ಬರುತ್ತದೆ, ಅಷ್ಟೇ. ರೋಮಾಪುರ 9ನ್ನು ಬಿಡಿಸಿ ಓದಬೇಕೆನ್ನುವ ಹಿರಿಯರ ಗುಂಪಿಗೆ ಇದು ಕಡಿಮೆಯೆನಿಸುವುದು ಸಹಜ. ಅವರು ಆಯ್ಕೆಯ ಬಗ್ಗೆ ಡಾರ್ಟ್ ಸಭಾಸಮ್ಮೇಳನ ಹೊರಡಿಸಿದ ನಿರ್ಣಯಗಳಿಗೆ ಹೋಗಲಿ, ಆದರೆ ಅದು ಬೇರೆ ಪಾಠಮಾಲೆ. ಕರ್ನಾಟಕದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಿಗೆ ಹೈಡೆಲ್‌ಬರ್ಗಿನ ಈ ಮಿತಭಾಷೆ ವರವೆನ್ನಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹಿಂದೆ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪರಂಪರೆಯಿತ್ತು. ಆಂಗ್ಲಿಕನ್, ಮೆಥೊಡಿಸ್ಟ್ ಹಿನ್ನೆಲೆಯವರೂ ಇಂದು ಅದೇ ಬೆಂಚಿನಲ್ಲಿ ಕೂರುತ್ತಾರೆ. ಆಯ್ಕೆಯ ಬಗ್ಗೆ ಮೆಥೊಡಿಸ್ಟರು ಬೇರೆ ಹೇಳಿಯಾರು, 26ರಿಂದ 28ಕ್ಕೆ ಮಾತ್ರ ಯಾರದೂ ತಕರಾರಿಲ್ಲ.

ಎರಡನೆಯ ಕೊರತೆ ಇನ್ನೂ ಆಳದ್ದು. 28ನೇ ಉತ್ತರ ಕಷ್ಟದಲ್ಲಿ ತಾಳ್ಮೆ ಎನ್ನುತ್ತದೆ, ಅಳುವುದಕ್ಕೆ ಜಾಗ ಕೊಡುವುದಿಲ್ಲ. ಸತ್ಯವೇದ ಕೊಡುತ್ತದೆ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ಎಷ್ಟರ ತನಕ ಎಂಬ ಮೊರೆ ನಾಲ್ಕು ಸಲ ಬರುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಯೋಬನು ದೇವರೊಡನೆ ವಾದಕ್ಕಿಳಿದನು; ದೇವರು ಗದರಿಸಿದನು ನಿಜ, ಆದರೆ ಕೊನೆಗೆ (42:7) ಸರಿಯಾಗಿ ಮಾತಾಡಿದವನು ಯೋಬನೇ ಹೊರತು ಎಲ್ಲದಕ್ಕೂ ವಿವರಣೆ ಕೊಟ್ಟ ಸ್ನೇಹಿತರಲ್ಲ ಎಂದನು. ಸಾವಿನ ಮನೆಗೆ ಹೋಗುವ ಮುನ್ನ ಪ್ರತಿಯೊಬ್ಬ ಸಭಾಪಾಲಕರೂ ಹಿರಿಯರೂ ಆ ವಚನವನ್ನು ಓದಿಕೊಳ್ಳಬೇಕು. ಮಣ್ಣು ಮಾಡುವ ದಿನ ದೇವರ ಚಿತ್ತ, ಸಮಾಧಾನ ಮಾಡಿಕೊಳ್ಳಿ ಎಂದು ತಾಯಿಯ ಮುಂದೆ ನಿಂತು ಹೇಳುವುದು ಗಾಯದ ಮೇಲೆ ಉಪ್ಪು ಹಾಕಿದಂತೆ. ಹೇಳಿದ್ದು ಸುಳ್ಳಲ್ಲ, ಹೇಳಿದ ಗಳಿಗೆ ತಪ್ಪು. ಲಾಜರನು ಎದ್ದು ಬರುತ್ತಾನೆಂದು ಗೊತ್ತಿದ್ದ ಯೇಸುವೇ ಮೊದಲು ಕಣ್ಣೀರು ಬಿಟ್ಟನು. ಆದ್ದರಿಂದ ಐದನೆಯ ಪಾಠದಲ್ಲಿ 28ನೇ ಪ್ರಶ್ನೆಗಿಂತ ಮುಂಚೆ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿಸಿ. ಇತ್ತೀಚೆಗೆ ಸಾವು ಕಂಡವರು ಗುಂಪಿನಲ್ಲಿದ್ದರೆ ಆ ದಿನ 28ನ್ನು ಬಾಯಿಪಾಠ ಮಾಡಿಸಬೇಡಿ.

ಕಷ್ಟಕ್ಕೆ ಕಾರಣ ಹುಡುಕುವ ಚಟವನ್ನೂ ಇಲ್ಲೇ ತಡೆಯಬೇಕು. ಲೂಕ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳೇ ಎಂದು ಯೇಸು ಕೇಳಿ, ಅಲ್ಲ ಎನ್ನುತ್ತಾನೆ. ಯೋಹಾನ 9ರಲ್ಲಿ ಹುಟ್ಟುಕುರುಡನ ವಿಷಯದಲ್ಲೂ ಹಾಗೆಯೇ. ದೇವರಿಗೆ ಉದ್ದೇಶವಿದೆ ಎಂದು ನಂಬುವುದು ಒಂದು, ಆ ಉದ್ದೇಶ ಇಂಥದ್ದೇ ಎಂದು ಪಕ್ಕದ ಮನೆಯವರ ಬಗ್ಗೆ ಹೇಳಿಬಿಡುವುದು ಇನ್ನೊಂದು. ಯೋಸೇಫನು ನೀವು ಕೇಡನ್ನು ಯೋಚಿಸಿದಿರಿ, ದೇವರು ಅದನ್ನು ಒಳ್ಳೆಯದಕ್ಕಾಗಿ ಯೋಚಿಸಿದನು ಎಂದು ಅಣ್ಣಂದಿರಿಗೆ ಹೇಳಿದ್ದು (ಆದಿಕಾಂಡ 50:20) ಎಲ್ಲ ಮುಗಿದ ಮೇಲೆ, ಗುಂಡಿಯಲ್ಲಿ ಕೂತಾಗ ಅಲ್ಲ. ಅಣ್ಣಂದಿರ ಕೇಡನ್ನು ಅವನು ಕೇಡೆಂದೇ ಕರೆದ ಎಂಬುದೂ ಮುಖ್ಯ.

ಆರನೆಯ ಪಾಠಕ್ಕೆ ಬಂದರೆ, ಯಾಕೆ ಪ್ರಾರ್ಥಿಸಬೇಕು ಎಂಬ ಎರಡನೆಯ ಪ್ರಶ್ನೆಗೆ 116ನೇ ಉತ್ತರ ನೇರವಾಗಿದೆ: ಪ್ರಾರ್ಥನೆ ಕೃತಜ್ಞತೆಯ ಮುಖ್ಯ ಭಾಗ, ಮತ್ತು ಬಿಡದೆ ಬೇಡುವವರಿಗೇ ದೇವರು ತನ್ನ ಕೃಪೆಯನ್ನೂ ಪವಿತ್ರಾತ್ಮನನ್ನೂ ಕೊಡುತ್ತಾನೆ. ಪೌಲನ ಹಡಗಿನ ಹಲಗೆಗಳ ಹಾಗೆಯೇ ಪ್ರಾರ್ಥನೆಯೂ ದೇವರು ನೇಮಿಸಿದ ಸಾಧನ ಎಂದು ಇಲ್ಲಿ ಜೋಡಿಸಿ ತೋರಿಸಬಹುದು. 125ರಲ್ಲಿ ಅನುದಿನದ ಆಹಾರದ ಮಾತು ಬಂದಾಗ, ಆತನ ಆಶೀರ್ವಾದವಿಲ್ಲದೆ ನಮ್ಮ ದುಡಿಮೆಯೂ ಫಲಿಸದು ಎನ್ನುತ್ತದೆ. ದುಡಿಮೆ ಇದ್ದೇ ಇರುತ್ತದೆ ಎಂಬುದು ಅದರ ಎಣಿಕೆ.

124ನೇ ಉತ್ತರ ಯುವಕರಿಗಾಗಿ. ನನ್ನ ಬದುಕಿಗೆ ದೇವರ ಯೋಜನೆ ಏನು ಎಂಬ ಪ್ರಶ್ನೆ ಕೋರ್ಸು, ಕೆಲಸ, ಮದುವೆಯ ವಯಸ್ಸಿನಲ್ಲಿ ಅವರನ್ನು ತಿನ್ನುತ್ತದೆ. ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ ಯೆರೆಮೀಯ 29:11 ಬಂದರೆ ಉತ್ತರ ಸಿಕ್ಕಿತೆಂದು ಹಿಗ್ಗುತ್ತಾರೆ. ಆ ಮಾತು ಬಾಬೆಲಿನಲ್ಲಿ ಸೆರೆಯಾಗಿದ್ದ ಇಡೀ ಜನಾಂಗಕ್ಕೆ ಬರೆದ ಪತ್ರದ್ದು. ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಕೇಳಿದವರಲ್ಲಿ ಹಲವರು ಬಿಡುಗಡೆ ಕಾಣುವ ವಯಸ್ಸಿನವರಲ್ಲ, ಅವರಿಗೆ ಸಿಕ್ಕಿದ ಅಪ್ಪಣೆ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬುದು. 124 ಅದೇ ಹಾದಿಯದು. ಸ್ವಂತ ಚಿತ್ತವನ್ನು ಬಿಟ್ಟು ದೇವರ ಒಳ್ಳೆಯ ಚಿತ್ತಕ್ಕೆ ಗೊಣಗದೆ ವಿಧೇಯರಾಗಿ, ಪರಲೋಕದ ದೂತರಂತೆ ನಿಮ್ಮ ನಿಮ್ಮ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡಿ ಎನ್ನುತ್ತದೆ. ಯಾವ ಕೆಲಸ ಎಂಬ ಗುಟ್ಟನ್ನು ಅದು ಬಿಚ್ಚುವುದಿಲ್ಲ. ಇದರ ಜೊತೆಗೆ ಗೆತ್ಸೆಮನೆಯ ಭಾಗ, ಮತ್ತಾಯ 26:36–44, ಓದಬೇಕು. ನಿನ್ನ ಚಿತ್ತದಂತೆಯೇ ಆಗಲಿ ಎಂಬ ಮಾತಿಗೆ ಮುಂಚೆ, ಸಾಧ್ಯವಾದರೆ ಈ ಪಾತ್ರೆ ದೂರವಾಗಲಿ ಎಂಬ ಬೇಡಿಕೆಯಿದೆ, ಅದೂ ಮತ್ತೆ ಮತ್ತೆ.

ಪ್ರತಿ ಮಾಡಿಸುವವರಿಗೆ ಕೊನೆಯದಾಗಿ ಒಂದೆರಡು ಮಾತು. ಮೂಲ ಜರ್ಮನ್ ಪಠ್ಯ ಮತ್ತು ಹಳೆಯ ಇಂಗ್ಲಿಷ್ ಅನುವಾದಗಳು ಯಾರ ಹಕ್ಕಿಗೂ ಒಳಪಟ್ಟಿಲ್ಲ, ಹಂಚಲು ಅಡ್ಡಿಯಿಲ್ಲ. ಹೊಸ ಅನುವಾದವಾದರೆ ಅನುಮತಿಯ ಸಾಲನ್ನು ಓದಿ. ಆಧಾರ ವಚನಗಳಿರುವ ಪ್ರತಿಯನ್ನೇ ಆರಿಸಿ, ಅವಿಲ್ಲದ ಪ್ರತಿ ಅರ್ಧ ಪುಸ್ತಕ. ಇಡೀ 129 ಪ್ರಶ್ನೆಗಳನ್ನು ಈ ಪಾಠಕ್ಕೆಂದು ಮುದ್ರಿಸಬೇಡಿ. 1, 6ರಿಂದ 9, 26ರಿಂದ 28, 116, 124, 125, ಈ ಹನ್ನೊಂದು ಸಾಕು. ಮಂಗಳೂರಿನಂಥ ಊರಿನಲ್ಲಿ ಕಥೋಲಿಕ ನೆರೆಯವರೂ ಮನೆಕೂಟಕ್ಕೆ ಬರುವುದುಂಟು. 80ನೇ ಉತ್ತರ ಅವರ ಪೂಜೆಯನ್ನು ವಿಗ್ರಹಾರಾಧನೆ ಎಂದು ಕಟುವಾಗಿ ಖಂಡಿಸುತ್ತದೆ. ಅದನ್ನು ಇಂದು ಆವರಣದೊಳಗೆ ಇಟ್ಟೋ ಅಡಿಟಿಪ್ಪಣಿ ಸೇರಿಸಿಯೋ ಮುದ್ರಿಸುವ ರಿಫಾರ್ಮ್ಡ್ ಸಭೆಗಳಿವೆ. ಪರಿಪಾಲನೆಯ ಪಾಠಕ್ಕೆ ಅದರ ಅಗತ್ಯವೇ ಇಲ್ಲವಾದ್ದರಿಂದ, ಆಯ್ದ ಪುಟಗಳನ್ನಷ್ಟೇ ಕೊಡುವುದು ಬಂದವರಿಗೆ ತೋರಬೇಕಾದ ಮರ್ಯಾದೆ.